ಯುದ್ಧಕ್ಕೆ ಒಲ್ಲೆನೆಂದ ಓದುಗ ರೈತ



ಕ್ರಿಸ್ತಜಯಂತಿಯ ನಡುರಾತ್ರಿಯ ಬಲಿಪೂಜೆಯಲ್ಲಿ, ದೇವದೂತರು ಕುರುಬರಿಗೆ ಸಾರಿದ ಶಾಂತಿಯ ಸಂದೇಶವನ್ನು ಕೇಳಿ ಮನೆಗೆ ಬರುತ್ತೇವೆ. ಎಂಟನೆಯ ದಿನ, ಜನವರಿ 1ರಂದು, ಧರ್ಮಸಭೆ ವಿಶ್ವಶಾಂತಿ ದಿನವನ್ನು ಆಚರಿಸುತ್ತದೆ. ಪೋಪ್ ಆರನೇ ಪೌಲರು 1968ರಲ್ಲಿ ಇದನ್ನು ಆರಂಭಿಸಿದರು. ಆದರೆ ಯುದ್ಧದ ವಿಷಯದಲ್ಲಿ ನಮ್ಮ ವಿಶ್ವಾಸ ಏನು ಹೇಳುತ್ತದೆಂದು ನಮ್ಮಲ್ಲಿ ಎಷ್ಟು ಮಂದಿ ಕುಳಿತು ಓದಿದ್ದೇವೆ? ನಮ್ಮ ಅಭಿಪ್ರಾಯ ಸಾಮಾನ್ಯವಾಗಿ ಟಿ.ವಿ.ಯಿಂದ ಬರುತ್ತದೆ, ಶುಭಸಂದೇಶದಿಂದಲ್ಲ. ಈ ಪ್ರಶ್ನೆಯನ್ನು ಓದಿ ತಿಳಿಯಲು ಹೊರಟ ಒಬ್ಬ ರೈತನ ಚರಿತ್ರೆ ಇಲ್ಲಿದೆ.

ಫ್ರಾನ್ಸ್ ಯೇಗರ್‌ಸ್ಟೆಟ್ಟರ್ 1907ರಲ್ಲಿ ಆಸ್ಟ್ರಿಯಾ ದೇಶದ ಸಂತ ರಾಡೆಗುಂಡ್ ಎಂಬ ಪುಟ್ಟ ಹಳ್ಳಿಯಲ್ಲಿ ಹುಟ್ಟಿದರು. ಓದಿದ್ದು ಹಳ್ಳಿಯ ಶಾಲೆಯಲ್ಲಿ ಮಾತ್ರ. ಆದರೆ ಅವರನ್ನು ದತ್ತು ತೆಗೆದುಕೊಂಡ ಮನೆಯ ಅಜ್ಜನ ಬಳಿ ಪುಸ್ತಕಗಳಿದ್ದವು. ಹುಡುಗನಿಗೆ ಓದಿನ ರುಚಿ ಹತ್ತಿತು. ಯೌವನದಲ್ಲಿ ಅವರು ಸಂತರಂತೇನೂ ಇರಲಿಲ್ಲ. ಗಣಿಯಲ್ಲಿ ದುಡಿದು ಊರಿಗೇ ಮೊದಲನೆಯ ಮೋಟಾರ್ ಸೈಕಲ್ ತಂದ ಉತ್ಸಾಹಿ ತರುಣ! 1936ರಲ್ಲಿ ಫ್ರಾಂಜಿಸ್ಕಾ ಎಂಬುವರನ್ನು ಮದುವೆಯಾಗಿ, ಇಬ್ಬರೂ ರೋಮ್ ಯಾತ್ರೆ ಮಾಡಿ ಬಂದರು. ಮೂವರು ಹೆಣ್ಣುಮಕ್ಕಳಾದರು.

ಹೊಲದ ಕೆಲಸದ ನಡುವೆ ಅವರು ಬೈಬಲನ್ನೂ ಸಂತರ ಜೀವನಚರಿತ್ರೆಗಳನ್ನೂ ಧರ್ಮಸಭೆಯ ಬೋಧನೆಗಳನ್ನೂ ಓದಿದರು. ಓದದವನು ಪರರ ಅಭಿಪ್ರಾಯಗಳ ಕೈಗೊಂಬೆಯಾಗುತ್ತಾನೆ ಎಂಬ ಅರ್ಥದಲ್ಲಿ ಜ್ಞಾನಸ್ನಾನದ ಮಗನಿಗೆ ಬುದ್ಧಿ ಹೇಳಿದ್ದರು. ಒಬ್ಬನು ಒಳ್ಳೆಯ ಕಥೋಲಿಕನೂ ನಿಜವಾದ ನಾಜಿಯೂ ಆಗಿರಲಾರನೆಂದು ಲಿನ್ಸ್‌ನ ಧರ್ಮಾಧ್ಯಕ್ಷ ಗ್ಫೊಲ್ನರ್ 1933ರಲ್ಲಿ ಬರೆದ ಪಾಲನಾ ಪತ್ರವನ್ನು ಇತರರು ಮರೆತರೂ ಫ್ರಾನ್ಸ್ ಮರೆಯಲಿಲ್ಲ. 1938ರಲ್ಲಿ ಹಿಟ್ಲರನ ಜರ್ಮನಿಗೆ ಆಸ್ಟ್ರಿಯಾ ಸೇರುವುದರ ಬಗ್ಗೆ ಮತದಾನ ನಡೆದಾಗ, ಇಡೀ ಹಳ್ಳಿಯಲ್ಲಿ ವಿರೋಧವಾಗಿ ಬಿದ್ದದ್ದು ಅವರ ಮತ ಒಂದೇ.

ನೋಟುಪುಸ್ತಕಗಳಲ್ಲಿ ತಮ್ಮ ಪ್ರಶ್ನೆಗಳನ್ನು ಬರೆದಿಟ್ಟರು. ರಷ್ಯಾದ ಮೇಲಿನ ಯುದ್ಧ ನಾಸ್ತಿಕವಾದದ ವಿರುದ್ಧವೋ, ಇಲ್ಲ ಆ ದೇಶದ ನೆಲ, ಅದಿರು, ಎಣ್ಣೆಗಾಗಿಯೋ? ಇದು ಪಂಡಿತರ ಪ್ರಶ್ನೆಯಲ್ಲ. ಆದರೆ ಪಂಡಿತರೇ ಕೇಳಬೇಕಾಗಿದ್ದ ಪ್ರಶ್ನೆ.

ಈ ವಿಷಯದಲ್ಲಿ ನಮ್ಮ ಪರಂಪರೆ ಒಂದೇ ಮಾತನ್ನು ಹೇಳಿಲ್ಲ ಎಂಬುದನ್ನು ನೆನಪಿಡೋಣ. ಕ್ರಿ.ಶ. 295ರಲ್ಲಿ ಉತ್ತರ ಆಫ್ರಿಕಾದ ಮ್ಯಾಕ್ಸಿಮಿಲಿಯನ್ ಎಂಬ 21 ವರ್ಷದ ಯುವಕ, ತಾನು ಕ್ರೈಸ್ತನೆಂಬ ಕಾರಣದಿಂದಲೇ ರೋಮನ್ ಸೇನೆಗೆ ಸೇರಲು ಒಪ್ಪದೆ ರಕ್ತಸಾಕ್ಷಿಯಾದನು. ಮುಂದಿನ ಶತಮಾನಗಳಲ್ಲಿ ಸಂತ ಅಗಸ್ಟೀನರು ಕೆಲವು ಯುದ್ಧಗಳು ನ್ಯಾಯವಾಗಿರಬಹುದೆಂದರು. ಅಧಿಕಾರವುಳ್ಳವರ ಆಜ್ಞೆ, ನ್ಯಾಯವಾದ ಕಾರಣ, ಶುದ್ಧ ಉದ್ದೇಶ ಈ ಮೂರೂ ಇರಬೇಕೆಂದು 13ನೇ ಶತಮಾನದಲ್ಲಿ ಸಂತ ಥಾಮಸ್ ಅಕ್ವಿನಾಸ್ ಬರೆದರು. ಸರಿ, ಕಾರಣ ನ್ಯಾಯವೋ ಅಲ್ಲವೋ ಎಂದು ತೀರ್ಮಾನಿಸುವವರು ಯಾರು? ಬಂದೂಕು ಹಿಡಿಯುವವನಿಗೆ ಆ ಹಕ್ಕಿಲ್ಲವೇ?

ಫ್ರಾನ್ಸ್ ಈ ಪ್ರಶ್ನೆಯನ್ನು ಹೊತ್ತುಕೊಂಡು ಲಿನ್ಸ್‌ಗೆ ಹೋದರು. ಆಗ ಧರ್ಮಾಧ್ಯಕ್ಷರಾಗಿದ್ದವರು ಫ್ಲಿಸ್ಸರ್. ಸರ್ಕಾರದ ಕೃತ್ಯಗಳಿಗೆ ಸಾಮಾನ್ಯ ಪ್ರಜೆ ಹೊಣೆಯಲ್ಲ, ಹೆಂಡತಿ ಮಕ್ಕಳನ್ನು ನೋಡಿಕೊಳ್ಳುವುದೇ ನಿನ್ನ ಹೊಣೆ ಎಂಬುದು ಅವರ ಸಲಹೆಯ ಸಾರ. ಕೆಟ್ಟ ಮನಸ್ಸಿನಿಂದ ಹೇಳಿದ ಮಾತಲ್ಲ ಅದು. ನಮ್ಮಲ್ಲಿ ಯಾರಾದರೂ ಆ ಜಾಗದಲ್ಲಿದ್ದರೆ ಬಹುಶಃ ಅದನ್ನೇ ಹೇಳುತ್ತಿದ್ದೆವು. ಆದರೆ ಫ್ರಾನ್ಸ್ ಅವರ ಮನಸ್ಸಾಕ್ಷಿ ಒಪ್ಪಲಿಲ್ಲ.

1943ರ ಮಾರ್ಚ್ 1ರಂದು ಸೇನಾ ಶಿಬಿರಕ್ಕೆ ಹಾಜರಾಗಿ, ಯುದ್ಧ ಮಾಡಲಾರೆನೆಂದರು. ಗಾಯಾಳುಗಳ ಶುಶ್ರೂಷೆ ಮಾಡಲು ಸಿದ್ಧನಿದ್ದೇನೆಂದರೂ ಯಾರೂ ಕೇಳಲಿಲ್ಲ. ಜುಲೈ 6ರಂದು ಬರ್ಲಿನ್‌ನ ಸೇನಾ ನ್ಯಾಯಾಲಯ ಮರಣದಂಡನೆ ವಿಧಿಸಿತು. ಪಲ್ಲೊಟ್ಟೈನ್ ಸಭೆಯ ಗುರು ಫ್ರಾನ್ಸ್ ರೈನಿಶ್ ಇಂಥದೇ ಕಾರಣಕ್ಕೆ 1942ರಲ್ಲಿ ಪ್ರಾಣ ಕೊಟ್ಟಿದ್ದರೆಂದು ಸೆರೆಮನೆಯಲ್ಲಿ ತಿಳಿದಾಗ, ತಾನೊಬ್ಬನೇ ಅಲ್ಲವೆಂದು ಅವರಿಗೆ ಸಮಾಧಾನವಾಯಿತು. ಆಗಸ್ಟ್ 9ರಂದು ಬ್ರಾಂಡೆನ್‌ಬುರ್ಗ್‌ನಲ್ಲಿ ಅವರ ಶಿರಚ್ಛೇದವಾಯಿತು. ವಯಸ್ಸು 36.

ಯುದ್ಧ ಮುಗಿದ ಮೇಲೂ ಊರವರಿಗೆ ಆತ ಹೆಂಡತಿ ಮಕ್ಕಳನ್ನು ಕೈಬಿಟ್ಟ ಹಟಮಾರಿಯೇ. ವಿಧವಾ ವೇತನ ಸಿಕ್ಕಿದ್ದು 1950ರಲ್ಲಿ. ಲಿನ್ಸ್ ಧರ್ಮಕ್ಷೇತ್ರದ ಪತ್ರಿಕೆ ಅವರ ಕಥೆಯನ್ನು ಅಚ್ಚು ಹಾಕಲು ಹೊರಟಾಗ ಧರ್ಮಾಧ್ಯಕ್ಷರು ತಡೆದರು. ಜನರ ಮನಸ್ಸು ಗೊಂದಲಗೊಳ್ಳಬಹುದೆಂಬ ಭಯ. ಇಂಥದೇ ಪತ್ರಿಕೆಯಲ್ಲಿ ಇದನ್ನು ಬರೆಯುವಾಗ ಆ ಸಂಗತಿ ನನ್ನನ್ನು ಚುಚ್ಚುತ್ತದೆ.

ಕೊನೆಗೆ ಅವರನ್ನು ಬೆಳಕಿಗೆ ತಂದದ್ದು ಪುಸ್ತಕವೇ. ಅಮೆರಿಕದ ಸಮಾಜಶಾಸ್ತ್ರಜ್ಞ ಗೋರ್ಡನ್ ಜಾನ್ 1964ರಲ್ಲಿ ಅವರ ಜೀವನಚರಿತ್ರೆ ಪ್ರಕಟಿಸಿದರು. ಮರುವರ್ಷ ಎರಡನೇ ವ್ಯಾಟಿಕನ್ ಮಹಾಸಭೆಯ ಮುಂದೆ ಈ ರೈತನ ಸಾಕ್ಷ್ಯವನ್ನಿಟ್ಟವರು, 1950ರವರೆಗೆ ನಮ್ಮ ಬೊಂಬಾಯಿಯ ಮಹಾಧರ್ಮಾಧ್ಯಕ್ಷರಾಗಿದ್ದ ಥಾಮಸ್ ರಾಬರ್ಟ್ಸ್! ಮನಸ್ಸಾಕ್ಷಿಯ ಕಾರಣ ಶಸ್ತ್ರ ಹಿಡಿಯಲೊಲ್ಲದವರನ್ನು ಕಾನೂನು ಮಾನವೀಯತೆಯಿಂದ ಕಾಣಬೇಕೆಂದು 1965ರ ಡಿಸೆಂಬರ್ 7ರ ದಸ್ತಾವೇಜಿನಲ್ಲಿ ಮಹಾಸಭೆ ಹೇಳಿತು. ದೇಶದ ರಕ್ಷಣೆಗೆ ನಿಲ್ಲುವ ಸೈನಿಕನೂ ಶಾಂತಿಯ ಸೇವಕನಾಗಬಲ್ಲನೆಂದು ಅದೇ ಪುಟಗಳಲ್ಲಿದೆ. ಸೇನೆಗೆ ಮಕ್ಕಳನ್ನು ಕಳುಹಿಸಿದ ನಮ್ಮ ಮನೆಗಳವರು ಎರಡನ್ನೂ ಒಟ್ಟಿಗೆ ಓದಬೇಕು.

1997ರಲ್ಲಿ ಬರ್ಲಿನ್‌ನ ನ್ಯಾಯಾಲಯವೊಂದು ಆ ಮರಣದಂಡನೆಯ ತೀರ್ಪನ್ನು ರದ್ದುಗೊಳಿಸಿತು. 2007ರ ಅಕ್ಟೋಬರ್ 26ರಂದು ಲಿನ್ಸ್‌ನ ಪ್ರಧಾನಾಲಯದಲ್ಲಿಯೇ ಫ್ರಾನ್ಸ್ ಅವರನ್ನು ಧನ್ಯರೆಂದು ಘೋಷಿಸಲಾಯಿತು. 94 ವರ್ಷದ ಫ್ರಾಂಜಿಸ್ಕಾ ಅಲ್ಲಿದ್ದರು. ಗಂಡನ ಪತ್ರಗಳನ್ನೂ ಬರಹಗಳನ್ನೂ ಜೋಪಾನ ಮಾಡಿಟ್ಟವರು ಅವರೇ. 2013ರಲ್ಲಿ ನೂರು ತುಂಬಿದ ಕೆಲವೇ ದಿನಗಳಲ್ಲಿ ಅವರು ಪ್ರಭುವಿನಲ್ಲಿ ನಿದ್ರೆಹೋದರು.