ನಾಯಿಮರಿಗಳ ನುಸಿಕಜ್ಜಿ

ನುಸಿಕಜ್ಜಿ ಎಂದರೆ ಬರಿಗಣ್ಣಿಗೆ ಕಾಣದ ನುಸಿಗಳು ನಾಯಿಗಳ ಚರ್ಮದಲ್ಲಿ ಮಿತಿಮೀರಿ ಹೆಚ್ಚಿದಾಗ ಕೂದಲುದುರುವ ರೋಗ. ಇದರ ಸೌಮ್ಯ ರೂಪ 3ರಿಂದ 6 ತಿಂಗಳ ಮರಿಗಳಲ್ಲಿ ಸಾಮಾನ್ಯ. ಕಣ್ಣಿನ ಸುತ್ತ, ತುಟಿಯಂಚು, ಹಣೆ ಅಥವಾ ಮುಂಗಾಲಿನ ಮೇಲೆ ಒಂದೆರಡು ಬೋಳು ಮಚ್ಚೆ ಕಾಣುತ್ತವೆ. ಚರ್ಮ ಕೊಂಚ ಕೆಂಪಗಾಗಿ ಹೊಟ್ಟು ಏಳಬಹುದು. ತುರಿಕೆ ಇಲ್ಲವೆನ್ನುವಷ್ಟು ಕಡಿಮೆ. ಇಂಥ ಹತ್ತು ಮರಿಗಳಲ್ಲಿ ಸುಮಾರು ಒಂಬತ್ತಕ್ಕೆ ಆರೆಂಟು ವಾರಗಳಲ್ಲಿ ಔಷಧಿಯಿಲ್ಲದೆಯೇ ಕೂದಲು ಮತ್ತೆ ಹುಟ್ಟುತ್ತದೆ.

ಕಾರಣವಾದ ನುಸಿಯ ಹೆಸರು ಡೆಮೊಡೆಕ್ಸ್ ಕ್ಯಾನಿಸ್. ಜರ್ಮನಿಯ ಪ್ರಾಣಿಶಾಸ್ತ್ರಜ್ಞ ಫ್ರಾಂಟ್ಸ್ ಲೇಡಿಗ್ 1859ರಲ್ಲಿ ಇದನ್ನು ವರ್ಣಿಸಿದ. ಉದ್ದ ಸುಮಾರು 0.2 ಮಿ.ಮೀ., ಆಕಾರ ಬೀಡಿಯದು, ಮೊಂಡಾದ ಎಂಟು ಕಾಲು. ಇದು ಕೂದಲ ಬುಡದೊಳಗೆ ತಲೆಕೆಳಗಾಗಿ ಸೇರಿಕೊಂಡು ಅಲ್ಲಿನ ಜಿಡ್ಡು ಮತ್ತು ಜೀವಕೋಶಗಳನ್ನು ತಿಂದು ಬದುಕುತ್ತದೆ. ಮೊಟ್ಟೆಯಿಂದ ಬೆಳೆದ ನುಸಿಯಾಗಲು ಮೂರು ನಾಲ್ಕು ವಾರ ಬೇಕು. ಆರೋಗ್ಯವಂತ ನಾಯಿಗಳ ಮೈಮೇಲೂ ಇವು ಅಲ್ಪಸ್ವಲ್ಪ ಇದ್ದೇ ಇರುತ್ತವೆ. ಹುಟ್ಟಿದ ಮೊದಲ ಎರಡು ಮೂರು ದಿನಗಳಲ್ಲಿ, ಹಾಲು ಕುಡಿಯುವಾಗ ತಾಯಿಯ ಮೈಯಿಂದ ಮರಿಯ ಮೂತಿಗೆ ದಾಟುತ್ತವೆ. ಮೊದಲ ಮಚ್ಚೆ ಮುಖದಲ್ಲೇ ಕಾಣುವುದು ಅದಕ್ಕೇ. ಆಮೇಲೆ ನಾಯಿಯಿಂದ ನಾಯಿಗೆ ಹರಡುವುದು ಅಪರೂಪ. ಮನುಷ್ಯರಿಗಾಗಲಿ ಕುರಿ, ದನಗಳಿಗಾಗಲಿ ಹರಡದು. ಮರಿಯ ರೋಗನಿರೋಧಕ ಶಕ್ತಿ ಇನ್ನೂ ಬಲಿತಿರದ ಕಾಲದಲ್ಲಿ ಜಂತುಹುಳುವೋ ಅರೆಹೊಟ್ಟೆಯೋ ಸೇರಿಕೊಂಡರೆ ನುಸಿಗಳ ಕೈ ಮೇಲಾಗುತ್ತದೆ.

ನಮ್ಮ ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಕುರಿ ಸಾಕಣೆಯ ಒಣಸೀಮೆ. ಇಲ್ಲಿನ ನಾಯಿಗಳಲ್ಲಿ ಬಹುಪಾಲು ಊರನಾಯಿಗಳು, ತೋಟದ ಮನೆಯವು, ಕುರಿರೊಪ್ಪ ಕಾಯುವಂಥವು. ನಮ್ಮ ಊರನಾಯಿಗಳು ಹೆಚ್ಚಾಗಿ ಚಳಿಗಾಲದ ಆಸುಪಾಸಿನಲ್ಲಿ ಮರಿ ಹಾಕುವುದರಿಂದ, ಮಚ್ಚೆ ಕಾಣುವ ವಯಸ್ಸು ಬೇಸಿಗೆಯ ಹೊತ್ತಿಗೆ ಬರುತ್ತದೆ. ಆಗ ಬೇವಿನೆಣ್ಣೆಯನ್ನೋ ಹೊಂಗೆಎಣ್ಣೆಯನ್ನೋ ಹಚ್ಚುವವರಿದ್ದಾರೆ. ಎರಡು ತಿಂಗಳಲ್ಲಿ ಮಚ್ಚೆ ಮಾಯ. ತಾನಾಗಿ ವಾಸಿಯಾದದ್ದರ ಹೆಸರು ಎಣ್ಣೆಗೆ ಹೋಗುತ್ತದೆ. ಎಣ್ಣೆಯಿಂದಾಗುವ ಹಾನಿ ಕಡಿಮೆ. ಆದರೆ ಟ್ರ್ಯಾಕ್ಟರಿನ ಸುಟ್ಟ ಆಯಿಲ್ ಬಳಿಯುವುದು ಅಕ್ಷರಶಃ ವಿಷಪ್ರಾಶನವೇ. ಮರಿ ಅದನ್ನು ನೆಕ್ಕುತ್ತದೆ, ಚರ್ಮವೂ ಸುಡುತ್ತದೆ.

ಇನ್ನೊಂದು ಅಪಾಯ ಕುರಿ, ದನಗಳಿಗೆಂದು ಮನೆಯಲ್ಲಿಟ್ಟ ಐವರ್ಮೆಕ್ಟಿನ್ ಚುಚ್ಚುಮದ್ದು. ಶೇ. 1ರ ಈ ಔಷಧಿ ದನಗಳಿಗೆ 50 ಕೆ.ಜಿ. ತೂಕಕ್ಕೆ 1 ಮಿ.ಲೀ. ಲೆಕ್ಕದ್ದು. ಅದೇ ಲೆಕ್ಕ ಹಿಡಿದರೆ 3 ಕೆ.ಜಿ.ಯ ಮರಿಯ ಪಾಲು 0.06 ಮಿ.ಲೀ., ಅಂದರೆ 2 ಮಿ.ಲೀ. ಸಿರಿಂಜಿನ ಒಂದು ಗೆರೆಯೂ ಇಲ್ಲ. ಅಂದಾಜಿನಲ್ಲಿ ಕೊಟ್ಟರೆ ನಡುಕ, ತೂರಾಟ, ಕುರುಡು, ಸಾವು. ಕೋಲಿ ಜಾತಿಯ ಹಲವು ನಾಯಿಗಳಲ್ಲಿ ಒಂದು ಜೀನಿನ ದೋಷದಿಂದಾಗಿ ಈ ಔಷಧಿ ಮಿದುಳಿಗೆ ಸುಲಭವಾಗಿ ನುಗ್ಗುತ್ತದೆ. ಮೆಡಿಕಲ್ ಸ್ಟೋರಿನ ಸ್ಟೀರಾಯ್ಡ್ ಮುಲಾಮೂ ಬೇಡ: ಕೆಂಪು ಇಳಿದಂತೆ ಕಾಣುತ್ತದೆ, ನಿರೋಧಕ ಶಕ್ತಿ ಕುಗ್ಗಿ ನುಸಿ ಹೆಚ್ಚುತ್ತದೆ.

ಇದನ್ನು ಅಂಟುಕಜ್ಜಿಯೊಡನೆ ಬೆರೆಸಬಾರದು. ಸಾರ್ಕಾಪ್ಟಿಸ್ ನುಸಿಯಿಂದ ಬರುವ ಅಂಟುಕಜ್ಜಿಯಲ್ಲಿ ಮರಿ ರಾತ್ರಿಹಗಲು ಕೆರೆದುಕೊಳ್ಳುತ್ತದೆ. ಕಿವಿಯ ಅಂಚು, ಮೊಣಕೈ, ಹೊಟ್ಟೆಯ ಮೇಲೆ ಹಕ್ಕಳೆ ಕಟ್ಟುತ್ತದೆ. ಕಿವಿಯ ತುದಿಯನ್ನು ಉಜ್ಜಿದರೆ ಹಿಂಗಾಲು ತಾನಾಗಿ ಕೆರೆಯತೊಡಗುವುದು ಒಳ್ಳೆಯ ಸುಳಿವು. ಇದು ಇತರ ನಾಯಿಗಳಿಗೆ ಬೇಗ ಹರಡುತ್ತದೆ. ಎತ್ತಿಕೊಂಡವರ ತೋಳು, ಹೊಟ್ಟೆಯ ಮೇಲೂ ಕೆಲದಿನ ಗುಳ್ಳೆ ಏಳಿಸುತ್ತದೆ. ಮಕ್ಕಳ ಮೈಯಲ್ಲಿ ದುಂಡನೆಯ ಕಲೆ ಕಂಡರೆ ಹುಳುಕಡ್ಡಿಯನ್ನೂ ಶಂಕಿಸಬೇಕು.

ನೋಟದಿಂದಷ್ಟೇ ಖಚಿತ ಹೇಳಲಾಗದು. ಪಶುವೈದ್ಯರು ಮಚ್ಚೆಯನ್ನು ಹಿಂಡಿ, ರಕ್ತ ಜಿನುಗುವವರೆಗೆ ಬ್ಲೇಡಿನಿಂದ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಕಣ್ಣಿನ ಬಳಿಯಾದರೆ ಕೂದಲು ಕಿತ್ತು ನೋಡಿದರೂ ಸಾಕು. ಇದು ತಾಲ್ಲೂಕು ಪಶು ಆಸ್ಪತ್ರೆಯಲ್ಲೇ ಆಗಬಹುದಾದ ಸರಳ ಪರೀಕ್ಷೆ. ಜಟಿಲವಾದವನ್ನು ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೆ ಒಯ್ಯಬಹುದು. ಸೌಮ್ಯ ರೂಪವೆಂದು ತಿಳಿದ ಮೇಲೆ ಜಂತುಹುಳು ಔಷಧಿ, ಹೊಟ್ಟೆತುಂಬ ಊಟ, ತಿಂಗಳಿಗೊಮ್ಮೆ ಮಚ್ಚೆಯ ಅಳತೆ ನೋಡುವುದು ಇಷ್ಟೇ ಕೆಲಸ.

ಮಚ್ಚೆಗಳು ಮೈಯೆಲ್ಲ ಹಬ್ಬಿದರೆ, ಪಾದ ಊದಿದರೆ, ಕೀವು ತುಂಬಿದರೆ ಸೌಮ್ಯ ರೂಪ ದಾಟಿತೆಂದೇ ಅರ್ಥ. ಹಿಂದೆ ಇದಕ್ಕೆ ಅಮಿಟ್ರಾಜ್ ಸ್ನಾನವೇ ಮುಖ್ಯ ಚಿಕಿತ್ಸೆಯಾಗಿತ್ತು. ಕಳೆದ ದಶಕದಲ್ಲಿ ಬಂದ ಅಫಾಕ್ಸೊಲೇನರ್, ಫ್ಲುರಾಲೇನರ್ ಮಾತ್ರೆಗಳು ಕೆಲಸವನ್ನು ಬಹಳ ಹಗುರ ಮಾಡಿವೆ. ಸೆಳೆತ ಬರುವ ನಾಯಿಗಳಿಗೆ ಮಾತ್ರ ಎಚ್ಚರ ಬೇಕು. ತಿಂಗಳ ಅಂತರದ ಎರಡು ಪರೀಕ್ಷೆಗಳಲ್ಲಿ ನುಸಿ ಸಿಗದಾಗುವವರೆಗೆ ಚಿಕಿತ್ಸೆ ನಿಲ್ಲಿಸುವುದಿಲ್ಲ. ಹಬ್ಬುವ ರೂಪಕ್ಕೆ ವಂಶದ ಒಲವೂ ಇರುವುದರಿಂದ ಅಂಥ ನಾಯಿಗಳಿಂದ ಮರಿ ಪಡೆಯದೆ, ಗುಣವಾದ ಮೇಲೆ ಸಂತಾನಹರಣ ಚಿಕಿತ್ಸೆ ಮಾಡಿಸುವುದು ವಾಡಿಕೆ.