ಇಲಿ ಬಿದ್ದ ಕಾಲ

1898ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಪ್ಲೇಗ್ ಕಾಲಿಟ್ಟಿತು. ಅದರ ನೆರೆಯ ನಮ್ಮ ಹೊಸೂರು ಆಗ ಸೇಲಂ ಜಿಲ್ಲೆಯ ತಾಲ್ಲೂಕು. ‘ಇಲಿ ಬಿತ್ತು’ ಎಂಬ ಸುದ್ದಿ ಕೇಳಿದರೆ ಜನ ಊರು ತೊರೆದು ಹೊಲಗಳಲ್ಲಿ ಗುಡಿಸಲು ಹಾಕುತ್ತಿದ್ದ ಕಾಲವದು.

ಈ ರೋಗದ ಬ್ಯಾಕ್ಟೀರಿಯಾವನ್ನು 1894ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಯೆರ್ಸಿನ್ ಗುರುತಿಸಿದರು. ಇಲಿಯ ಚಿಗಟವೇ ಅದರ ವಾಹಕವೆಂದು 1898ರಲ್ಲಿ ಕರಾಚಿಯಲ್ಲಿ ಸಿಮೊಂಡ್ ಕಂಡುಕೊಂಡರು. ಒಂದೇ ಜೀವಿ ಎರಡು ಒಡಲುಗಳಲ್ಲಿ ಬಾಳುವ ಬಗೆ ಬಹುಕಾಲದ ನಂತರ ತಿಳಿಯಿತು: ಅದು ಶಾಖವನ್ನು ಸಂಜ್ಞೆಯಾಗಿ ಗ್ರಹಿಸುತ್ತದೆ. ಚಿಗಟದ ತಂಪು ಒಡಲಲ್ಲಿ ಅಂಟುಪೊರೆ ಕಟ್ಟಿ ಆಹಾರನಾಳವನ್ನು ಮುಚ್ಚುತ್ತದೆ. ಹಸಿದ ಚಿಗಟ ಮತ್ತೆ ಮತ್ತೆ ಕಚ್ಚಿ ರೋಗಾಣುವನ್ನು ಗಾಯಕ್ಕೆ ಕಕ್ಕುತ್ತದೆ. ಮನುಷ್ಯನ 37 ಡಿಗ್ರಿ ಶಾಖದಲ್ಲಿ ಅದೇ ರೋಗಾಣು ಪೊರೆ ಕಟ್ಟುವುದನ್ನು ಬಿಟ್ಟು, ನಮ್ಮ ಬಿಳಿ ರಕ್ತಕಣಗಳನ್ನು ನಿಸ್ತೇಜಗೊಳಿಸುವ ಪ್ರೋಟೀನುಗಳನ್ನು ತಯಾರಿಸುತ್ತದೆ.

ಸತ್ತು ತಣ್ಣಗಾದ ಇಲಿಯನ್ನು ಚಿಗಟಗಳು ಬಿಟ್ಟು ಬೇರೆ ರಕ್ತವನ್ನು ಅರಸುತ್ತವೆ. ಆದ್ದರಿಂದ ಇಲಿ ಬಿದ್ದೊಡನೆ ಮನೆ ಬಿಟ್ಟ ಹಿರಿಯರ ನಡೆ ಅಂಜುಬುರುಕುತನವಲ್ಲ, ವಿವೇಕ.

1966ರಲ್ಲಿ ಕೋಲಾರ ಜಿಲ್ಲೆಯ ಮುಳಬಾಗಿಲಿನ ಕಡೆ ಪ್ಲೇಗ್ ಮತ್ತೆ ಕಾಣಿಸಿತ್ತು. ಮೂರು ರಾಜ್ಯಗಳು ಕೂಡುವ ನಮ್ಮ ಸೀಮೆಯ ಕಾಡಿಲಿಗಳ ಮೇಲೆ ಅನಂತರವೂ ಕಣ್ಗಾವಲು ಮುಂದುವರಿಯಿತು. ಇಲಿಗಳು ಗುಂಪಾಗಿ ಸತ್ತರೆ ಇಂದಿಗೂ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ಹಿರಿಯರು ಕಲಿಸಿದ ಪಾಠ ಅಷ್ಟೇ.