ಬಾರದ ಬಲಕ್ಕೆ ಮನೆಯ ಕಟ್ಟಳೆ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಸೀಮೆಯಲ್ಲಿ ಬೇರೆ ಬೇರೆ ಮನೆಯವರು ಚೌಕಾಬಾರಕ್ಕೆ ಕೂತರೆ, ಕವಡೆ ಕೈಗೆತ್ತಿಕೊಳ್ಳುವ ಮೊದಲು ಒಂದಿಷ್ಟು ಮಾತು ಮುಗಿಯಬೇಕು. ಒಂದು ಕಾಯಿಯನ್ನೂ ಕಡಿಯದವರನ್ನು ಒಳಸುತ್ತಿಗೆ ಬಿಡುವುದೋ ಬೇಡವೋ? ಮೇಲಿಂದ ಮೇಲೆ ಮೂರು ಬಾರ ಬಿದ್ದರೆ ಗರ ಉಳಿಯುತ್ತದೋ ಹೋಗುತ್ತದೋ? ಜೋಡಿ ಕಾಯಿಯನ್ನು ಒಂಟಿ ಕಾಯಿ ಹೊಡೆಯಬಹುದೋ? ‘ನಮ್ಮ ಮನೇಲಿ ಹೀಗೆ’ ಎಂದು ಒಬ್ಬರೆಂದರೆ ಇನ್ನೊಬ್ಬರ ಮನೆಯಲ್ಲಿ ಅದು ಹಾಗಿರುವುದಿಲ್ಲ. ಇದನ್ನು ನೋಡಿದವರು ಅಸಲಿ ನಿಯಮ ಎಂದೋ ಕಳೆದುಹೋಯಿತು, ಈಗ ಉಳಿದಿರುವುದು ಅದರ ಚೂರುಗಳು ಎಂದು ತೀರ್ಮಾನಿಸುವುದುಂಟು. ನನಗೆ ಇದು ತಲೆಕೆಳಗಾದ ವಾದವಾಗಿ ಕಾಣುತ್ತದೆ. ಈ ಕಟ್ಟಳೆಗಳು ಆಟದೊಳಗಿನ ಒಂದು ವಿಪರೀತ ಶಕ್ತಿಯನ್ನು ಹದಕ್ಕೆ ತರಲು ಮನೆಮನೆಯೂ ಮಾಡಿಕೊಂಡ ಲೆಕ್ಕಾಚಾರ. ಅವು ಬೇರೆ ಬೇರೆಯಾಗಿರುವುದಕ್ಕೂ ಕಾರಣವಿದೆ.

ಆ ಶಕ್ತಿಯ ಹೆಸರು ಬಾರ. ಐದು ಮನೆಯ ಪಟದಲ್ಲಿ 25 ಚೌಕ. ಕಾಯಿ ತನ್ನ ಕಟ್ಟೆಯಿಂದ ಹೊರಟು ಹೊರಸುತ್ತಿನಲ್ಲಿ 15 ಹೆಜ್ಜೆ ನಡೆದು, ಒಳಸುತ್ತಿನ 8 ಮನೆ ದಾಟಿ, 24ನೆಯ ಹೆಜ್ಜೆಗೆ ನಡುಮನೆ ಸೇರಿ ಹಣ್ಣಾಗುತ್ತದೆ. ನಾಲ್ಕು ಕವಡೆಯೂ ಬಾಯಿ ಮೇಲಾಗಿ ಬಿದ್ದರೆ ಚೌಕ, ನಾಲ್ಕು ಹೆಜ್ಜೆ. ನಾಲ್ಕೂ ಬೋರಲಾದರೆ ಬಾರ, ಎಂಟು. ಎರಡರಲ್ಲಿ ಯಾವುದು ಬಿದ್ದರೂ ಮತ್ತೆ ಹಾಕುವ ಹಕ್ಕು. ಕವಡೆ ಎರಡೂ ಕಡೆಗೆ ಸಮವಾಗಿ ಬೀಳುತ್ತದೆಂದುಕೊಂಡರೆ ಹದಿನಾರು ಗರದಲ್ಲಿ ಸರಾಸರಿ ನಾಲ್ಕು ಸಲ ಒಂದು, ಆರು ಸಲ ಎರಡು, ನಾಲ್ಕು ಸಲ ಮೂರು, ಚೌಕ ಒಮ್ಮೆ, ಬಾರ ಒಮ್ಮೆ. ಅಂದರೆ ಒಂದು ಗರದ ಸರಾಸರಿ ಎರಡೂವರೆ ಹೆಜ್ಜೆ. ಬಾರ ಅದರ ಮೂರು ಪಟ್ಟಿಗಿಂತ ಹೆಚ್ಚು, ಮೇಲೆ ಮತ್ತೊಂದು ಗರ ಬೇರೆ. ಇನ್ನೂ ಒಂದು ಮಾತಿದೆ: ಮೂರು ಎಂಟು ಇಪ್ಪತ್ನಾಲ್ಕು. ತಡೆ ಇಲ್ಲದ ಆಟದಲ್ಲಿ ಮೂರು ಬಾರ ಸಾಲಾಗಿ ಬಿದ್ದರೆ ಕಟ್ಟೆಯಲ್ಲಿ ಕೂತಿದ್ದ ಕಾಯಿ ಯಾರ ಕೈಗೂ ಸಿಗದೆ ಒಂದೇ ಸರದಿಯಲ್ಲಿ ಹಣ್ಣಾಗಿಬಿಡುತ್ತದೆ. ಮೂರನೆಯದು ಬಿದ್ದರೆ ಗರ ರದ್ದು ಎಂಬ ಕಟ್ಟಳೆಯೂ, ಕಡಿಯದೆ ಒಳಗೆ ಹೋಗುವಂತಿಲ್ಲ ಎಂಬ ಕಟ್ಟಳೆಯೂ ಸರಿಯಾಗಿ ಈ ದಾರಿಯನ್ನೇ ಮುಚ್ಚುತ್ತವೆ. ಮರೆವಿನಿಂದ ಹುಟ್ಟಿದ ಚೂರು ಇಷ್ಟು ಕರಾರುವಾಕ್ಕಾಗಿ ಕಂಡಿಗೆ ಕೂರುವುದಿಲ್ಲ.

ಸಮ ಕವಡೆಯಲ್ಲಿ ಸಾಲಾಗಿ ಮೂರು ಬಾರ ಬೀಳುವುದು 4096ರಲ್ಲಿ ಒಮ್ಮೆ. ಅದಕ್ಕೇಕೆ ಕಾನೂನು ಎಂದು ಕೇಳಬಹುದು. ಉತ್ತರ ಸಲಕರಣೆಯಲ್ಲಿದೆ. ಕವಡೆ ಕಡಲಿನದು. ಹುಣಸೆ ಮರ ಹೇರಳವಾದ ಈ ಒಣನೆಲದಲ್ಲಿ ಕವಡೆಗೆ ಬದಲು ಹುಣಸೆ ಬೀಜವನ್ನು ಒಂದು ಮಗ್ಗುಲು ಬೆಳ್ಳಗಾಗುವಂತೆ ಕಲ್ಲಿಗೆ ಉಜ್ಜಿ ಆಡುವುದು ರೂಢಿ. ಉಜ್ಜುವ ಕೈ ಬದಲಾದರೆ ಬೀಜದ ಬೀಳು ಬದಲಾಗುತ್ತದೆ. ಹತ್ತರಲ್ಲಿ ಏಳು ಸಲ ಕಪ್ಪು ಮೇಲಾಗುವ ಬೀಜಗಳಿದ್ದವೆನ್ನಿ. ಬಾರ ಹದಿನಾರಕ್ಕೊಮ್ಮೆ ಬೀಳುವುದು ಹೋಗಿ ನಾಲ್ಕಕ್ಕೊಮ್ಮೆ ಎಂಬಷ್ಟಾಗುತ್ತದೆ, ಮೂರು ಬಾರ ಸುಮಾರು 72 ಸರದಿಗೊಮ್ಮೆ. ನಾಲ್ವರು ಆಡುವ ಒಂದು ಆಟ ನೂರು ಸರದಿಯ ಆಸುಪಾಸಿಗೆ ಬರುವುದರಿಂದ ಸರಾಸರಿ ಆಟಕ್ಕೊಮ್ಮೆ ಆ ಅನಾಹುತ ಕಾದಿರುತ್ತದೆ. ಬೀಜ ಯಾವ ಕಡೆಗೆ ವಾಲಿದರೂ ನಾಲ್ಕೂ ಒಂದೇ ಥರ ಬೀಳುವ ಸಾಧ್ಯತೆ ಹೆಚ್ಚುವುದೇ ಹೊರತು ತಗ್ಗುವುದಿಲ್ಲ. ಹಾಗಾಗಿ ಕವಡೆಯ ಮನೆಗೆ ಬೇಡವಾದ ಕಟ್ಟಳೆ ಬೀಜದ ಮನೆಗೆ ಬೇಕೇ ಬೇಕು. ಎರಡು ಮನೆಯ ನಿಯಮ ಬೇರೆಯಾದದ್ದಕ್ಕೆ ಅಜ್ಜಿಯರ ಮರೆವನ್ನು ದೂರಬೇಕಿಲ್ಲ.

ಬಲವನ್ನು ಹದ್ದಿನಲ್ಲಿಡುವ ಈ ಸಮಸ್ಯೆಯನ್ನು ಪುರಾಣವೂ ಬಲ್ಲದು. ಚಿಂತಾಮಣಿ ತಾಲ್ಲೂಕಿನ ಕೈವಾರವನ್ನು ಜನ ಏಕಚಕ್ರಪುರವೆಂದು, ಭೀಮ ಬಕಾಸುರನನ್ನು ಕೊಂದ ಊರೆಂದು ನಂಬುತ್ತಾರೆ. ಅದೇ ಪಾಂಡವರನ್ನು ಮುಂದೆ ಕಾಡಿಗಟ್ಟಿದ್ದು ಶಕುನಿಯ ದಾಳ. ಒಬ್ಬನ ಮಾತಷ್ಟನ್ನೇ ಕೇಳುವ ದಾಳಕ್ಕೆ ಮಿತಿ ಹಾಕುವವರು ಆ ಸಭೆಯಲ್ಲಿ ಇರಲಿಲ್ಲ. ಮಹಾಭಾರತ ಕೊಡುವ ಪರಿಹಾರ ದಾಳವನ್ನು ವಶಮಾಡುವ ಅಕ್ಷಹೃದಯವೆಂಬ ಮಂತ್ರವನ್ನು ಎದುರಾಳಿಗೂ ಕಲಿಸುವುದು: ನಳನಿಗೆ ಋತುಪರ್ಣ ಕಲಿಸಿದ, ಧರ್ಮರಾಯನಿಗೆ ಬೃಹದಶ್ವ. ಚೌಕಾಬಾರದ ಮನೆಗಳು ಹಾಗೆ ಮಾಡದೆ ಮಂತ್ರಕ್ಕೇ ಬೇಲಿ ಹಾಕಿದವು. 1974ರಲ್ಲಿ ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಹೊರತಂದಾಗ ಅವರೆದುರಿಗಿದ್ದದ್ದೂ ಇದೇ ತೊಡಕು. ಮೇಜಿನ ಸುತ್ತ ಕೂತು ಪಾತ್ರ ವಹಿಸಿ ಆಡುವ ಆ ಆಟದಲ್ಲಿ ಮಂತ್ರವಾದಿಯೊಬ್ಬ ಇಡೀ ದಂಡನ್ನು ಮಲಗಿಸಬಲ್ಲ. ಹಾಗಿದ್ದರೆ ಕತ್ತಿ ಹಿಡಿದವನಿಗೇನು ಕೆಲಸ? ಅವರು ಎಣಿಕೆಯ ಮಿತಿ ಹಾಕಿದರು: ಪ್ರಯೋಗಿಸಿದ ಮಂತ್ರ ಮರೆತುಹೋಗುತ್ತದೆ. ಮರುವರ್ಷವೇ ಕೆನ್ ಸೇಂಟ್ ಆಂಡ್ರೆ ತನ್ನ ‘ಟನಲ್ಸ್ ಅಂಡ್ ಟ್ರೋಲ್ಸ್’ನಲ್ಲಿ ಬೆಲೆಯ ಮಿತಿ ಹಾಕಿದ: ಮಂತ್ರ ಹೇಳಿದರೆ ದೇಹಬಲ ಖರ್ಚಾಗುತ್ತದೆ. ಚೌಕಾಬಾರದಲ್ಲಿ ಎರಡೂ ಇವೆ. ಮೂರನೆಯ ಬಾರ ರದ್ದೆನ್ನುವುದು ಎಣಿಕೆ. ಕೆಲವು ಮನೆಗಳ ‘ಗಟ್ಟಿ’ ಬೆಲೆ: ಎರಡು ಕಾಯಿ ಜೋಡಿಯಾದರೆ ಒಂಟಿ ಕಾಯಿ ಅದನ್ನು ಮುಟ್ಟುವಂತಿಲ್ಲ, ಆದರೆ ಜೋಡಿ ಗರದ ಅರ್ಧದಷ್ಟೇ ನಡೆಯಬೇಕು. ಕಡಿದು ಒಳಗೆ ಹೋಗು ಎಂಬುದು ಮೂರನೆಯ ಬಗೆ, ಅರ್ಹತೆ. ನನಗೆ ಹೆಚ್ಚು ಜಾಣತನದ್ದಾಗಿ ಕಾಣುವುದು ಇದೇ. ಅದೃಷ್ಟವಂತನನ್ನು ತಡೆದು ನಿಲ್ಲಿಸುವುದಿಲ್ಲ, ಉಳಿದವರ ನಡುವೆಯೇ ಓಡಾಡಿಸುತ್ತದೆ.

ಒಂದು ಮೂಲಗ್ರಂಥ ಇದ್ದೇ ಇರಬೇಕು ಎನ್ನುವವರ ಪರವಾಗಿ ಹೇಳಬಹುದಾದ ದೊಡ್ಡ ಹೆಸರು ಮುಮ್ಮಡಿ ಕೃಷ್ಣರಾಜ ಒಡೆಯರದು. 1831ರಲ್ಲಿ ಆಡಳಿತ ಬ್ರಿಟಿಷರ ಕೈಸೇರಿದ ಮೇಲೆ 1868ರವರೆಗೂ ಬದುಕಿದ್ದ ಈ ಅರಸರು ಹೊಸ ಪಟದಾಟಗಳನ್ನು ರಚಿಸಿದರು, ತಮ್ಮ ಶ್ರೀತತ್ವನಿಧಿ ಗ್ರಂಥದ ಕೌತುಕನಿಧಿ ಎಂಬ ಭಾಗದಲ್ಲಿ ಗಂಜೀಫ ಎಂಬ ಎಲೆಯಾಟದ ಎಲೆಗಳನ್ನು ವಿವರಿಸಿದರು. ಮೈಸೂರಿನ ಜಗನ್ಮೋಹನ ಅರಮನೆಯ ಗೋಡೆಗಳಲ್ಲಿ ಅವರ ಆಟಗಳ ಚಿತ್ರಗಳಿವೆ. ಆದರೆ ಬರೆದಿಟ್ಟ ಆ ಆಟಗಳು ಬಹುಪಾಲು ಪ್ರದರ್ಶನದ ವಸ್ತುಗಳಾದವು, ಯಾರೂ ಬರೆದಿಡದ ಚೌಕಾಬಾರ ಜಗಲಿಯಲ್ಲಿ ಉಳಿಯಿತು. ಹಂಪಿಯ ಕಲ್ಲುಹಾಸುಗಳ ಮೇಲೆ ಕೆತ್ತಿದ ಆಟದ ಪಟಗಳನ್ನು ನೋಡಿ: ಗೆರೆ ಕಲ್ಲಿನಲ್ಲಿದೆ, ನಿಯಮ ಒಂದಕ್ಷರವೂ ಇಲ್ಲ. ಪಟ ಸ್ಥಿರ, ಕಟ್ಟಳೆ ಚರ. ಪಗಡೆಯ ವಂಶದ್ದೇ ಆದ ಲೂಡೊ 1890ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದು ಅಚ್ಚಾದ ನಿಯಮದೊಂದಿಗೆ ಹೊರಬಂತು. ಆದರೂ ಮೂರು ಆರು ಬಿದ್ದರೆ ಏನು ಎಂಬ ಜಗಳ ನಮ್ಮ ಮನೆಗಳಲ್ಲಿ ನಿಂತಿಲ್ಲ. ಗೈಗ್ಯಾಕ್ಸ್ ಕೂಡ ಎಪ್ಪತ್ತರ ದಶಕದ ಕೊನೆಗೆ ದಪ್ಪ ದಪ್ಪ ಪುಸ್ತಕಗಳಲ್ಲಿ ಅಧಿಕೃತ ನಿಯಮ ಕಟ್ಟಿಕೊಟ್ಟ, ಆಡುವವರು ತಮ್ಮ ಮೇಜಿನಲ್ಲಿ ಅದನ್ನು ತಿದ್ದಿಕೊಂಡೇ ಆಡಿದರು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೆಯಿದೆ. ಮನೆಯ ಕಟ್ಟಳೆ ಮನೆಯ ದೊಡ್ಡವರ ಕಟ್ಟಳೆ. ಸೋಲುವ ಹೊತ್ತಿಗೆ ಅಣ್ಣನಿಗೆ ಹೊಸ ನಿಯಮ ನೆನಪಾಗುತ್ತದೆ. ಹೌದು, ಆಗುತ್ತದೆ, ಅಲ್ಲಗಳೆಯುವಂತಿಲ್ಲ. ಆದರೆ ಅದನ್ನು ಎಲ್ಲರೂ ಕಳ್ಳಾಟ ಎಂದು ಕರೆಯುತ್ತಾರೆ ಎಂಬುದನ್ನೂ ಗಮನಿಸಬೇಕು. ಮೊದಲ ಗರಕ್ಕೆ ಮುಂಚೆ ಹೇಳಿದ್ದು ಮಾತ್ರ ಕಟ್ಟಳೆ ಎಂಬುದು ಉಳಿದೆಲ್ಲ ನಿಯಮಗಳ ಮೇಲಿನ ನಿಯಮ. ಬಾರ ಯಾರಿಗೆ ಬೀಳುತ್ತದೆಂದು ಯಾರಿಗೂ ಗೊತ್ತಿಲ್ಲದಾಗ ಒಪ್ಪಿಕೊಂಡ ಮಿತಿ ಎಲ್ಲರಿಗೂ ಒಂದೇ. ಸಂದರ್ಭವೂ ಅಲ್ಲಿ ಲೆಕ್ಕಕ್ಕೆ ಬರುತ್ತದೆ: ಶಿವರಾತ್ರಿಯ ಜಾಗರಣೆಗೆ ಕೂತವರಿಗೆ ಕಡಿದೇ ಒಳಗೆ ಹೋಗುವ ಉದ್ದದ ಆಟ ಬೇಕು, ಊಟಕ್ಕೆ ಎಲೆ ಹಾಕುವಷ್ಟರಲ್ಲಿ ಮುಗಿಯಬೇಕಾದವರಿಗೆ ಆ ಕಟ್ಟಳೆ ಬೇಡ.

ಈ ಸೀಮೆಯಲ್ಲಿ ಇನ್ನೊಂದು ಕಾರಣ ಸೇರುತ್ತದೆ. ಗೌರಿಬಿದನೂರಿನಾಚೆ ಹಿಂದೂಪುರ, ಚಿಂತಾಮಣಿಯಾಚೆ ಮದನಪಲ್ಲಿ. ಮನೆಮಾತು ತೆಲುಗಾಗಿ ಶಾಲೆಮಾತು ಕನ್ನಡವಾದ ಕುಟುಂಬಗಳು ಎಲ್ಲೆಡೆ. ಅದೇ ಪಟ, ಅದೇ ಎಂಟು-ನಾಲ್ಕರ ಗರ ತೆಲುಗಿನಲ್ಲಿ ಅಷ್ಟಾ ಚೆಮ್ಮಾ. ಸೊಸೆಯಾಗಿ ಬಂದವಳು ತವರಿನ ಕಟ್ಟಳೆಯನ್ನೂ ತರುತ್ತಾಳೆ, ಮೊದಲ ಆಟಕ್ಕೆ ಮುಂಚಿನ ಆ ಮಾತುಕತೆಯಲ್ಲಿ ಅತ್ತೆ-ಸೊಸೆ ಇಬ್ಬರೂ ಒಂದೊಂದನ್ನು ಬಿಟ್ಟುಕೊಡುತ್ತಾರೆ, ಮಕ್ಕಳು ಕಲಿಯುವುದು ಹಾಗೆ ಉಳಿದ ಮೂರನೆಯ ಆಟವನ್ನು.